ದೂರದ ಉಮೇದುವಾರ

ಹಿಂದಿನ ಕಾಲದ ಕಚೇರಿಗಳಲ್ಲಿ ಉಮೇದುವಾರನೆಂಬ ಒಬ್ಬ ವ್ಯಕ್ತಿ ಇರುತ್ತಿದ್ದನು. ಅವನಿಗೆ ಸಂಬಳವಿಲ್ಲ, ಕುರ್ಚಿಯೂ ಇಲ್ಲ. ಕೆಲಸ ಮಾತ್ರ ಬೇಕಾದಷ್ಟು. ಗುಮಾಸ್ತರ ಪಕ್ಕದಲ್ಲಿ ನಿಂತು ಕಡತಗಳನ್ನು ಎತ್ತಿಕೊಡುತ್ತ, ಪತ್ರಗಳ ಪ್ರತಿ ತೆಗೆಯುತ್ತ, ಸಾಹೇಬರ ಮುಖಭಾವವನ್ನು ದೂರದಿಂದಲೇ ಓದುವ ವಿದ್ಯೆಯನ್ನೂ ಕಲಿಯುತ್ತ ಅವನು ವರ್ಷಗಳನ್ನು ಕಳೆಯುತ್ತಿದ್ದನು. ಎಂದೋ ಒಂದು ದಿನ ಯಾರಾದರೂ ನಿವೃತ್ತರಾದರೆ ಆ ಜಾಗ ತನಗೆ ದೊರೆತೀತು ಎಂಬ ಉಮೇದೇ ಅವನ ಸಂಬಳ. ಆದರೆ ಈ ಉಮೇದುವಾರಿಕೆಗೆ, ಯಾವ ನಿಯಮಾವಳಿಯಲ್ಲಿಯೂ ಬರೆಯದಿದ್ದ ಒಂದು ಅರ್ಹತೆ ಬೇಕಾಗಿದ್ದಿತು. ಕಚೇರಿಯಿರುವ ಊರಿನಲ್ಲಿ ಅವನಿಗೊಬ್ಬ ಚಿಕ್ಕಪ್ಪನಿರಬೇಕು. ಆ ಚಿಕ್ಕಪ್ಪನ ಮನೆಯಲ್ಲಿ ಎರಡು ಹೊತ್ತಿನ ಊಟ ಸಿಗಬೇಕು. ಚಿಕ್ಕಮ್ಮನ ಮುಖ ಗಂಟಿಕ್ಕಿಕೊಳ್ಳದಿರಬೇಕು!

ಇಂದು ಉಮೇದುವಾರ ಹೋಗಿ ಇಂಟರ್ನ್ ಬಂದಿದ್ದಾನೆ. ಹೆಸರು ಬದಲಾಯಿತು, ಉಡುಪು ಬದಲಾಯಿತು. ಚಿಕ್ಕಪ್ಪನ ಮನೆಯ ಪ್ರಶ್ನೆ ಮಾತ್ರ ಬದಲಾಗಲಿಲ್ಲ. ಕೆಲಸ ಬೇಕೆಂದರೆ ಅನುಭವ ಬೇಕು, ಅನುಭವ ಬೇಕೆಂದರೆ ಇಂಟರ್ನ್‌ಶಿಪ್ ಬೇಕು, ಇಂಟರ್ನ್‌ಶಿಪ್ ಬೇಕೆಂದರೆ ಕಂಪೆನಿಯಿರುವ ಊರಿನಲ್ಲಿ ವಾಸ ಬೇಕು, ಅಲ್ಲಿ ವಾಸ ಮಾಡಬೇಕೆಂದರೆ ಕೆಲಸ ಬೇಕು! ಈ ಚಕ್ರವ್ಯೂಹವನ್ನು ಹೊರಗಿನಿಂದ ಭೇದಿಸುವುದು ಹೇಗೆಂಬುದು ಕಂಪೆನಿಗಳಿಂದ ದೂರವಿರುವ ಊರುಗಳ ಎಷ್ಟೋ ಮನೆಗಳ ಚಿಂತೆಯಾಗಿದೆ. ಅಂಥ ಮನೆಗಳಲ್ಲಿ ಒಂದರ ಕಥೆ ಇದು.

ಸಿದ್ದಾಪುರದಿಂದ ಆಚೆಗೆ, ಘಟ್ಟದ ಅಂಚಿನಲ್ಲಿ ಆ ಮನೆ. ಬಯಲುಸೀಮೆಯ ಹಳ್ಳಿಗಳಂತೆ ಅಲ್ಲಿ ಮನೆಗೆ ಮನೆ ತಾಗಿಕೊಂಡಿರುವುದಿಲ್ಲ. ಇಲ್ಲೊಂದು ಮನೆ, ಅಡಿಕೆಯ ತೋಟವನ್ನೂ ಹಳ್ಳವನ್ನೂ ದಾಟಿದರೆ ಅಲ್ಲೊಂದು ಮನೆ. ಹೆಂಚಿನ ಮಾಡು, ಉದ್ದವಾದ ಜಗುಲಿ, ಅಂಗಳದಲ್ಲಿ ಅಡಿಕೆ ಒಣಗಿಸುವ ಅಟ್ಟ. ಒಬ್ಬಳು ಮಗಳು, ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಾಳೆ, ಒಬ್ಬನೇ ಮಗ. ಆ ಸೀಮೆಯಲ್ಲಿ ಯಾವ ಮದುವೆಗೆ ಹೋದರೂ, ಯಾವ ತಿಥಿಗೆ ಹೋದರೂ ಹಿರಿಯರು ಪರಸ್ಪರ ಕೇಳಿಕೊಳ್ಳುವ ಪ್ರಶ್ನೆ ಒಂದೇ: ‘ಮಗ ಎಲ್ಲಿದ್ದಾನೆ?’ ಬೆಂಗಳೂರು ಎಂದರೆ ತಲೆಯಾಡಿಸುತ್ತಾರೆ. ಅಮೆರಿಕ ಎಂದರೆ ಹುಬ್ಬೇರಿಸುತ್ತಾರೆ. ಮನೆಯಲ್ಲಿಯೇ ಎಂದರೆ ಮಾತು ಬದಲಿಸುತ್ತಾರೆ. ಹೀಗೆ ತಲೆಯಾಡಿಸಿ ಹುಬ್ಬೇರಿಸಿಯೇ ಎಷ್ಟೋ ಮನೆಗಳು ಮುದುಕ-ಮುದುಕಿಯರ ಮನೆಗಳಾಗಿವೆ. ರಾತ್ರಿ ಎಂಟಕ್ಕೆ ಆ ಕಡೆಯ ಮನೆಯ ದೀಪ ಆರಿತೆಂದರೆ, ಅಲ್ಲಿಯೂ ಇಬ್ಬರೇ ಉಳಿದರೆಂದು ತಿಳಿಯಬೇಕು.

ಈ ಮನೆಯ ಹುಡುಗ ೨೦೨೪ರಲ್ಲಿ ಶಿರಸಿಯ ಕಾಲೇಜಿನಲ್ಲಿ ಬಿ.ಸಿ.ಎ. ಮುಗಿಸಿ, ಮಳೆಗಾಲದ ಆರಂಭಕ್ಕೆ ಸರಿಯಾಗಿ, ಒಂದು ಹಳೆಯ ಲ್ಯಾಪ್‌ಟಾಪಿನೊಂದಿಗೆ ಮನೆಗೆ ಬಂದನು. ಬಂದವನು, ತಾನು ಆಟಗಳನ್ನು ತಯಾರಿಸುವ ಕೆಲಸಕ್ಕೆ ಸೇರಬೇಕೆಂದಿರುವುದಾಗಿ ಊಟದ ಹೊತ್ತಿನಲ್ಲಿ ಹೇಳಿದನು. ತಂದೆ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟರು.

“ಆಟ ಆಡುವುದಕ್ಕೂ ಸಂಬಳ ಕೊಡುತ್ತಾರೆಯೆ ತಮಾ?” ಎಂದು ತಾಯಿ ಕೇಳಿದರು.

“ಆಡುವುದಕ್ಕಲ್ಲ ಆಯೀ, ಆಡಿಸುವುದಕ್ಕೆ.”

ಈ ಉತ್ತರ ತಾಯಿಗೆ ಅರ್ಥವಾದಷ್ಟು ಸುಲಭವಾಗಿ ಪಟ್ಟಣದ ವಿದ್ಯಾವಂತರಿಗೂ ಅರ್ಥವಾಗಲಾರದು. ಏಕೆಂದರೆ ಆ ಸೀಮೆಯಲ್ಲಿ ‘ಆಟ’ವೆಂದರೆ ಮೊದಲು ಹೊಳೆಯುವ ಅರ್ಥವೇ ಯಕ್ಷಗಾನ. ಆಟ ಆಡಿಸಬೇಕಾದರೆ ಎಷ್ಟು ಜನ ಬೇಕೆಂಬುದು ಅಲ್ಲಿನ ಮಕ್ಕಳಿಗೂ ಗೊತ್ತು. ಕಥೆಯನ್ನು ನಡೆಸುವ ಭಾಗವತನಿರಬೇಕು. ಮದ್ದಳೆ ಚಂಡೆಗಳ ಹಿಮ್ಮೇಳವಿರಬೇಕು. ಚೌಕಿಯಲ್ಲಿ ಕುಳಿತು ಬಣ್ಣ ಬರೆದುಕೊಳ್ಳುವ ವೇಷಧಾರಿಗಳಿರಬೇಕು. ರಂಗಸ್ಥಳ ಕಟ್ಟುವವರೂ ದೀಪ ನೋಡಿಕೊಳ್ಳುವವರೂ ಇರಬೇಕು. ಗಣಕಯಂತ್ರದ ಆಟವೂ ಹೀಗೆಯೇ. ನಿಯಮಗಳನ್ನು ಹೊಸೆಯುವವನೊಬ್ಬ, ಅವುಗಳನ್ನು ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ಬರೆಯುವವನೊಬ್ಬ, ಪಾತ್ರಗಳನ್ನು ಚಿತ್ರಿಸುವವನೊಬ್ಬ, ಅವುಗಳಿಗೆ ಚಲನೆ ಕೊಡುವವನೊಬ್ಬ, ಧ್ವನಿ ಕೂಡಿಸುವವನೊಬ್ಬ. ಎಲ್ಲವೂ ಮುಗಿದ ಮೇಲೆ ನೂರು ಸಲ ಆಡಿ ತಪ್ಪುಗಳನ್ನು ಹುಡುಕುವವನು ಇನ್ನೊಬ್ಬ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗನು ಮೊದಲ ದಿನವೇ ಕರ್ಣನ ವೇಷ ಕಟ್ಟುವುದಿಲ್ಲ. ಕೋಡಂಗಿಯಾಗಿ, ಬಾಲಗೋಪಾಲನಾಗಿ ರಂಗಸ್ಥಳಕ್ಕೆ ಕಾಲಿಟ್ಟು, ಹಿರಿಯರ ಹೆಜ್ಜೆ ನೋಡಿ ಹೆಜ್ಜೆ ಕಲಿಯುತ್ತಾನೆ. ಹುಡುಗನು ಬೇಡುತ್ತಿದ್ದುದು ಆ ಕೋಡಂಗಿಯ ವೇಷವನ್ನು ಮಾತ್ರ.

ಆದರೆ ಮೇಳ ಎಲ್ಲಿದೆ? ಭಾರತದಲ್ಲಿ ಈ ಉದ್ಯಮದ ಮೊದಮೊದಲ ಸಂಸ್ಥೆಗಳಲ್ಲಿ ಒಂದಾದ ಧ್ರುವ ಇಂಟರ‍್ಯಾಕ್ಟಿವ್ ೧೯೯೭ರಲ್ಲಿ ಹುಟ್ಟಿದುದು ಬೆಂಗಳೂರಿನಲ್ಲಿ. ರಾಜೇಶ್ ರಾವ್ ಅದರ ಸ್ಥಾಪಕರು. ೨೦೧೯ರಲ್ಲಿ ಅದು ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಸಂಸ್ಥೆಯ ವಶವಾಯಿತು. ಫ್ರಾನ್ಸಿನ ಯೂಬಿಸಾಫ್ಟ್ ೨೦೦೮ರಲ್ಲಿ ಪುಣೆಗೆ ಬಂದಿತು. ಎಲೆಕ್ಟ್ರಾನಿಕ್ ಆರ್ಟ್ಸ್ ಹೈದರಾಬಾದಿನಲ್ಲಿ ನೆಲೆಸಿತು. ಕರ್ನಾಟಕ ಸರಕಾರವು ೨೦೧೨ರಲ್ಲಿಯೇ ಅನಿಮೇಷನ್ ಮತ್ತು ಆಟಗಳ ಉದ್ಯಮಕ್ಕಾಗಿ ಒಂದು ನೀತಿಯನ್ನು ಪ್ರಕಟಿಸಿತು. ೨೦೨೪ರಿಂದ ೨೦೨೯ರವರೆಗಿನ ಅವಧಿಗೆ ಹೊಸ ನೀತಿಯೂ ಬಂದಿತು. ನೀತಿಗೆ ಕೊರತೆಯಿಲ್ಲ. ಆದರೆ ಸಿದ್ದಾಪುರದಿಂದ ಬೆಂಗಳೂರಿಗೆ ನಾನೂರು ಕಿಲೋಮೀಟರಿಗೆ ತುಸುವೇ ಕಡಿಮೆಯಾದ ದಾರಿ. ರಾತ್ರಿಯ ಬಸ್ಸು ಹತ್ತಿದರೆ ಬೆಳಗಾಗುವುದು ಅಲ್ಲಿ. ಆ ಊರಿನಲ್ಲಿ ಹುಡುಗನಿಗೆ ಚಿಕ್ಕಪ್ಪನಿಲ್ಲ. ದೂರದ ಬಂಧುವೊಬ್ಬನು ಇದ್ದನಾದರೂ, ಅವನೇ ಒಂದು ಪಿ.ಜಿ.ಯಲ್ಲಿ ಮೂವರ ಕೋಣೆಯೊಂದರ ಮೂರನೆಯ ಮಂಚದ ಬಾಡಿಗೆದಾರ.

ಹುಡುಗನು ಅರ್ಜಿಗಳನ್ನು ಕಳುಹಿಸತೊಡಗಿದನು. ಮನೆಯೊಳಗೆ ಮೊಬೈಲಿನ ಸಂಕೇತ ಸಿಗುತ್ತಿರಲಿಲ್ಲ. ತೋಟದ ಮೇಲಿನ ಗುಡ್ಡದ ನೆತ್ತಿಗೆ ಹತ್ತಿದರೆ ಸಿಗುತ್ತಿದ್ದಿತು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಫೋನು, ಕಾಲಿಗೆ ಉಂಬಳ. ಹೀಗೆ ಮೂರು ತಿಂಗಳಲ್ಲಿ ನಲವತ್ತಮೂರು ಅರ್ಜಿಗಳು ಹೋದವು. ಮೂವತ್ತೆಂಟಕ್ಕೆ ಉತ್ತರವೇ ಇಲ್ಲ. ನಾಲ್ಕಕ್ಕೆ ಯಂತ್ರವೇ ಬರೆದಂತಿದ್ದ ವಂದನೆಯ ಪತ್ರಗಳು. ಒಂದಕ್ಕೆ ಮಾತ್ರ ಮನುಷ್ಯನ ಉತ್ತರ: ‘ನೀವು ಬೆಂಗಳೂರಿನಲ್ಲಿದ್ದೀರಾ?’ ಇಲ್ಲವೆಂದ ಮೇಲೆ ಅದೂ ಮೌನವಾಯಿತು.

ಈ ಮೌನಕ್ಕೆ ಕಾರಣಗಳಿಲ್ಲದಿಲ್ಲ. ದೊಡ್ಡ ಸಂಸ್ಥೆಗಳು ಪ್ರಕಟವಾಗದ ಆಟವನ್ನು ಮನೆಯ ಗುಟ್ಟಿನಂತೆ ಕಾಯುತ್ತವೆ. ೨೦೨೨ರ ಸೆಪ್ಟೆಂಬರಿನಲ್ಲಿ ರಾಕ್‌ಸ್ಟಾರ್ ಸಂಸ್ಥೆಯು ಸಿದ್ಧಪಡಿಸುತ್ತಿದ್ದ ಆಟವೊಂದರ ಸುಮಾರು ತೊಂಬತ್ತು ದೃಶ್ಯಗಳು ಕಳವಾಗಿ ಜಗತ್ತಿಗೆಲ್ಲ ಹಂಚಿಹೋದವು. ೨೦೨೪ರ ಏಪ್ರಿಲಿನಿಂದ ವಾರದ ಐದು ದಿನವೂ ಕಚೇರಿಗೇ ಬರಬೇಕೆಂದು ಆ ಸಂಸ್ಥೆ ತನ್ನ ನೌಕರರಿಗೆ ತಿಳಿಸಿತು; ಭದ್ರತೆಯೂ ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಅನುಭವಿಗಳನ್ನೇ ಕಣ್ಣಳತೆಯಲ್ಲಿ ಇಟ್ಟುಕೊಳ್ಳಬಯಸುವವರು, ಗುಡ್ಡದ ನೆತ್ತಿಯ ಮೇಲಿರುವ ಹೊಸಬನನ್ನು ನಂಬುವುದು ಹೇಗೆ? ಅದಲ್ಲದೆ ಕಾಲವೂ ಚೆನ್ನಾಗಿರಲಿಲ್ಲ. ೨೦೨೪ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಆಟಗಳ ವಿಭಾಗದಿಂದ ೧,೯೦೦ ಮಂದಿಯನ್ನು ಬಿಡುಗಡೆ ಮಾಡಿತು. ಮುಂದಿನ ತಿಂಗಳು ಸೋನಿಯ ಪ್ಲೇಸ್ಟೇಷನ್ ವಿಭಾಗವು ಸುಮಾರು ೯೦೦ ಮಂದಿಯನ್ನು ಕೈಬಿಟ್ಟಿತು. ನಾಯಕನ ವೇಷ ಕಟ್ಟಿದವರೇ ಚೌಕಿಯ ಹೊರಗೆ ನಿಂತಿರುವಾಗ ಕೋಡಂಗಿಯನ್ನು ಕೇಳುವವರಾರು?

ಈ ಹೊತ್ತಿಗೆ ಒಂದು ಶುಭವಾರ್ತೆ ಬಂದಿತು. ‘ನೀವು ಆಯ್ಕೆಯಾಗಿದ್ದೀರಿ’ ಎಂದು ಆ ಪತ್ರ ಆರಂಭವಾಗಿದ್ದಿತು. ಎರಡು ತಿಂಗಳ ಇಂಟರ್ನ್‌ಶಿಪ್, ಮನೆಯಿಂದಲೇ ಮಾಡಬಹುದು, ಕೊನೆಯಲ್ಲಿ ಬಣ್ಣದ ಪ್ರಮಾಣಪತ್ರ. ತರಬೇತಿಯ ವೆಚ್ಚಕ್ಕೆಂದು ೨೪,೦೦೦ ರೂಪಾಯಿಗಳನ್ನು ಅಭ್ಯರ್ಥಿಯೇ ಒಂದು ವಾರದೊಳಗೆ ಕಟ್ಟಬೇಕು. ತಂದೆ ಎರಡು ದಿನ ಏನೂ ಮಾತನಾಡಲಿಲ್ಲ. ಮೂರನೆಯ ದಿನ ಬೆಳಗ್ಗೆ ಶುಭ್ರವಾದ ಅಂಗಿ ತೊಟ್ಟು, ಅಡಿಕೆಯ ಮೇಲೆ ಸಾಲ ಕೇಳಲು ಸೊಸೈಟಿಗೆ ಹೊರಟರು. ಹುಡುಗನು ತಲೆತಗ್ಗಿಸಿ ಜಗುಲಿಯ ಮೇಲೆ ಕುಳಿತಿದ್ದನು.

ತಾಯಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. “ನೀನು ಮಾಡಿದ ಆಟವನ್ನು ಅವರು ನೋಡಿದರೆ ತಮಾ?”

“ಇಲ್ಲ ಆಯೀ. ನಾನಿನ್ನೂ ಪೂರ್ತಿಯಾಗಿ ಯಾವುದನ್ನೂ ಮಾಡಿಲ್ಲ.”

“ಹಾಗಾದರೆ ಆರಿಸಿದ್ದು ಏನನ್ನು ನೋಡಿ? ಮಾಲು ನೋಡದೆ ದರ ಹೇಳುವ ವ್ಯಾಪಾರಿಯನ್ನು ನಿನ್ನ ಅಪ್ಪಯ್ಯ ಅಂಗಳಕ್ಕೂ ಬಿಟ್ಟುಕೊಳ್ಳುವುದಿಲ್ಲ.”

ಅಂಗಳ ದಾಟುತ್ತಿದ್ದ ತಂದೆ ನಿಂತರು. ಅಡಿಕೆಯ ವ್ಯಾಪಾರದಲ್ಲಿ ಮೂವತ್ತು ವರ್ಷ ಯಾರಿಗೂ ಮೋಸಹೋಗದ ಆ ಮನುಷ್ಯ, ಮಗನ ಭವಿಷ್ಯವೆಂಬ ಮಾತು ಬಂದೊಡನೆ ತನ್ನ ವ್ಯವಹಾರಜ್ಞಾನವನ್ನೆಲ್ಲ ಜಗುಲಿಯ ಮೇಲೆಯೇ ಬಿಟ್ಟು ಹೊರಟಿದ್ದರು. ಅವರು ಹಿಂದಿರುಗಿ ಬಂದು ಅಂಗಿ ಕಳಚಿ ಗೂಟಕ್ಕೆ ಹಾಕಿದರು. ಸೊಸೈಟಿಯ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಏಕಲವ್ಯನ ಕಥೆ ಎಲ್ಲರಿಗೂ ಗೊತ್ತು. ಗುರುವಿನಿಂದ ದೂರವಿದ್ದು, ಮಣ್ಣಿನ ಪ್ರತಿಮೆಯೆದುರು ವಿದ್ಯೆ ಕಲಿತವನು ಅವನು. ಅವನ ಪಾಲಿಗೆ ಬಂದ ಅನ್ಯಾಯ ದೊಡ್ಡದು. ಆದರೂ ದ್ರೋಣರು ಹೆಬ್ಬೆರಳನ್ನು ಕೇಳಿದುದು ವಿದ್ಯೆ ಕೈಗೂಡಿದ ಮೇಲೆ. ಇಂದಿನ ಕೆಲವು ದ್ರೋಣರು ಹೆಬ್ಬೆರಳನ್ನು ಮುಂಗಡವಾಗಿಯೇ ಕೇಳುತ್ತಾರೆ. ವಿದ್ಯೆಯ ಬದಲು ಪ್ರಮಾಣಪತ್ರ ಕೊಡುತ್ತಾರೆ. ಕಲಿಸುವುದಾಗಿ ಹೇಳಿ ಶುಲ್ಕ ತೆಗೆದುಕೊಳ್ಳುವ ಶಾಲೆ ಬೇರೆ. ಕೆಲಸ ಮಾಡಿಸಿಕೊಳ್ಳುವುದಾಗಿ ಹೇಳಿ ಹಣ ಕೇಳುವ ಕಂಪೆನಿ ಬೇರೆ. ಮೊದಲನೆಯದರ ಮೇಲೆ ಶಾಲೆಯೆಂದು ಬರೆದಿರುತ್ತದೆ. ಎರಡನೆಯದರ ಅಂಗಡಿ ನಡೆಯುವುದು ದೂರದ ಊರಿನವರ ಅವಸರದಿಂದ.

ತಾಯಿಯ ಪ್ರಶ್ನೆ ಮೋಸವನ್ನು ತಪ್ಪಿಸಿದುದಷ್ಟೇ ಅಲ್ಲ. ಹುಡುಗನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ನಲವತ್ತಮೂರು ಅರ್ಜಿಗಳಲ್ಲಿ ಅವನು ಬರೆದಿದ್ದುದು ತನ್ನ ಅಂಕಗಳನ್ನು, ಆಸಕ್ತಿಯನ್ನು, ಕಷ್ಟಪಟ್ಟು ದುಡಿಯುವೆನೆಂಬ ಭರವಸೆಯನ್ನು. ನೋಡಬಹುದಾದ ವಸ್ತು ಒಂದೂ ಇರಲಿಲ್ಲ. ಉತ್ತರ ಬಾರದ ಕಂಪೆನಿಗಳೂ, ಒಂದರ್ಥದಲ್ಲಿ, ಮಾಲು ನೋಡದೆ ದರ ಹೇಳಲೊಲ್ಲದ ವ್ಯಾಪಾರಿಗಳೇ ಅಲ್ಲವೆ? ತಾನು ದೂರವಿರುವುದರಿಂದಲೇ ಕೆಲಸ ಸಿಗುತ್ತಿಲ್ಲವೆಂದು ಅವನು ತಿಳಿದಿದ್ದನು. ದೂರವೂ ಒಂದು ಕಾರಣವೇ. ಆದರೆ ಅದೊಂದೇ ಅಲ್ಲ.

ಇದಕ್ಕೆ ಅಮೆರಿಕದ ಒಂದು ನಿದರ್ಶನವುಂಟು. ಸಿಯಾಟಲ್ ನಗರದ ಸುತ್ತಮುತ್ತ ಆಟಗಳ ಉದ್ಯಮಕ್ಕೆ ಬರಗಾಲವಿಲ್ಲ. ಮೈಕ್ರೋಸಾಫ್ಟ್ ಅಲ್ಲಿಯೇ, ಜಪಾನಿನ ನಿಂಟೆಂಡೊ ಸಂಸ್ಥೆಯ ಅಮೆರಿಕದ ಕೇಂದ್ರ ಅಲ್ಲಿಯೇ, ವಾಲ್ವ್ ಎಂಬ ಪ್ರಸಿದ್ಧ ಸಂಸ್ಥೆಯೂ ಅಲ್ಲಿಯೇ. ಅದೇ ಸೀಮೆಯ ಎರಿಕ್ ಬರೋನ್ ಎಂಬ ತರುಣ ೨೦೧೧ರಲ್ಲಿ ಗಣಕವಿಜ್ಞಾನದ ಪದವಿ ಪಡೆದು ಕೆಲಸ ಹುಡುಕಿದನು; ದೊರೆಯಲಿಲ್ಲ. ಕೈ ಪಳಗಲೆಂದು ಒಂದು ಚಿಕ್ಕ ಆಟವನ್ನು ಬರೆಯಲು ಕುಳಿತನು. ಜೊತೆಗೆ ಒಂದು ರಂಗಮಂದಿರದಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಅರೆಕಾಲದ ಕೆಲಸ. ನಾಲ್ಕೂವರೆ ವರ್ಷ ಕಳೆದು ೨೦೧೬ರ ಫೆಬ್ರುವರಿಯಲ್ಲಿ ಆ ಆಟ ಹೊರಬಂದಿತು. ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಆ ಆಟ ೨೦೨೪ರ ಕೊನೆಯ ಹೊತ್ತಿಗೆ ನಾಲ್ಕು ಕೋಟಿಗೂ ಹೆಚ್ಚು ಪ್ರತಿಗಳಾಗಿ ಮಾರಾಟವಾಗಿದ್ದಿತು. ಅದರ ಕಥೆಯೇನು ಗೊತ್ತೆ? ಪಟ್ಟಣದ ಕಚೇರಿಯಲ್ಲಿ ಬೇಸತ್ತವನೊಬ್ಬನು ಅಜ್ಜ ಬಿಟ್ಟುಹೋದ ಹಳ್ಳಿಯ ಜಮೀನಿಗೆ ಮರಳಿ ಬೇಸಾಯಕ್ಕೆ ತೊಡಗುವುದು!

ಈ ಕಥೆಯನ್ನು ಓದಿ, ತಮ್ಮ ಮಗನೂ ನಾಲ್ಕೂವರೆ ವರ್ಷ ಕೋಣೆಯ ಬಾಗಿಲು ಹಾಕಿಕೊಂಡರೆ ಕೋಟ್ಯಧೀಶನಾದಾನೆಂದು ತಂದೆತಾಯಿಗಳು ಭ್ರಮಿಸಬೇಕಾಗಿಲ್ಲ. ಲಕ್ಷಕ್ಕೊಬ್ಬನಿಗೆ ಒಲಿಯುವ ಭಾಗ್ಯವದು. ಆದರೆ ಕಂಪೆನಿಯ ಹೆಬ್ಬಾಗಿಲಿನ ಪಕ್ಕದಲ್ಲಿದ್ದವನಿಗೂ ಬಾಗಿಲು ತೆರೆಯಲಿಲ್ಲವೆಂಬುದನ್ನು ಗಮನಿಸಬೇಕು. ತೋರಿಸಲು ಕೈಯಲ್ಲಿ ಏನೂ ಇಲ್ಲದವನಿಗೆ ಒಂದು ಮೈಲಿಯೂ ದೂರವೇ.

ಹುಡುಗನು ಅರ್ಜಿ ಬರೆಯುವುದನ್ನು ನಿಲ್ಲಿಸಿ ಆಟ ಬರೆಯಲು ಕುಳಿತನು. ದೊಡ್ಡ ಸಂಸ್ಥೆಗಳು ಬಳಸುವ ಅನ್‌ರಿಯಲ್ ಮುಂತಾದ ಸಾಧನಗಳನ್ನು ಇಳಿಸಿಕೊಳ್ಳಬೇಕಾದರೆ ಹತ್ತಾರು ಗಿಗಾಬೈಟುಗಳು ಬೇಕು. ಗುಡ್ಡದ ಮೇಲೆ ಕುಳಿತು ಇಳಿಸಿಕೊಳ್ಳುವಷ್ಟರಲ್ಲಿ ಮಳೆಗಾಲವೇ ಮುಗಿದೀತು. ಅವನಿಗೆ ಒದಗಿ ಬಂದುದು ‘ಗೋಡೋ’ ಎಂಬ ಚಿಕ್ಕ ಸಾಧನ. ಒಂದೇ ಸಂಜೆಯಲ್ಲಿ ಇಳಿಯಿತು, ಬೆಲೆಯಿಲ್ಲ, ಹಳೆಯ ಲ್ಯಾಪ್‌ಟಾಪಿನಲ್ಲಿಯೂ ನಡೆಯಿತು. ಇದನ್ನು ನಿರ್ಮಿಸಿದವರು ಅರ್ಜೆಂಟೀನದ ಹ್ವಾನ್ ಲಿನಿಯೆಟ್‌ಸ್ಕಿ ಮತ್ತು ಏರಿಯಲ್ ಮನ್ಜೂರ್. ಉದ್ಯಮದ ದೊಡ್ಡ ಕೇಂದ್ರಗಳಿಂದ ಬಹುದೂರದಲ್ಲಿದ್ದ ಅವರು ೨೦೧೪ರಲ್ಲಿ ತಮ್ಮ ಕೃತಿಯನ್ನು ಜಗತ್ತಿಗೆಲ್ಲ ಉಚಿತವಾಗಿ ಬಿಟ್ಟುಕೊಟ್ಟರು. ಅದರ ಹೆಸರು ಬಂದುದು ಸ್ಯಾಮುಯೆಲ್ ಬೆಕೆಟ್ಟನ ನಾಟಕದಿಂದ. ಆ ನಾಟಕದಲ್ಲಿ ಇಬ್ಬರು ಬಾರದ ಗೋಡೋನಿಗಾಗಿ ಕಾಯುತ್ತಲೇ ಇರುತ್ತಾರೆ. ಮೂರು ತಿಂಗಳು ಉತ್ತರಕ್ಕಾಗಿ ಕಾದಿದ್ದ ಹುಡುಗನಿಗೆ, ಕೊನೆಗೂ ಬಂದವನು ಗೋಡೋನೇ ಆದದ್ದು ವಿಚಿತ್ರವಾದರೂ ನಿಜ.

ಆಟದ ತಯಾರಕರಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ‘ಜ್ಯಾಮ್’ ಎಂದು ಅದನ್ನು ಕರೆಯುತ್ತಾರೆ. ಒಂದು ವಿಷಯ ಕೊಡುತ್ತಾರೆ. ಎರಡು ಮೂರು ದಿನಗಳೊಳಗೆ ಪುಟ್ಟ ಆಟವೊಂದನ್ನು ಮುಗಿಸಿ ಒಪ್ಪಿಸಬೇಕು. ಭಾಗವಹಿಸಿದವರು ಒಬ್ಬರ ಆಟವನ್ನೊಬ್ಬರು ಆಡಿ ಅಭಿಪ್ರಾಯ ಬರೆಯುತ್ತಾರೆ. ೨೦೦೨ರಲ್ಲಿ ಆರಂಭವಾದ ‘ಲೂಡಮ್ ಡಾರೆ’ ಇಂಥ ಹಳೆಯ ಕೂಟಗಳಲ್ಲಿ ಒಂದು; ೨೦೦೯ರ ಜನವರಿಯಿಂದ ‘ಗ್ಲೋಬಲ್ ಗೇಮ್ ಜ್ಯಾಮ್’ ಎಂಬುದೂ ನಡೆದುಬಂದಿದೆ. ಬಹುಮಾನ ಇಲ್ಲಿ ಮುಖ್ಯವಲ್ಲ, ಮುಗಿಸುವುದು ಮುಖ್ಯ. ಹೊಸಬರೆಲ್ಲರ ರೋಗವೆಂದರೆ ಮಹಾಭಾರತ ಬರೆಯಲು ಹೊರಟು ಆದಿಪರ್ವದಲ್ಲಿಯೇ ಲೇಖನಿ ಕೆಳಗಿಡುವುದು. ಹುಡುಗನ ಲ್ಯಾಪ್‌ಟಾಪಿನಲ್ಲಿಯೂ ಅಂಥ ಆದಿಪರ್ವಗಳು ಆರು ಇದ್ದವು.

ಮಳೆ ಕಳೆದು ಕೊನೆಕೊಯ್ಲಿನ ಕಾಲ ಬಂದಾಗ ಅವನೊಂದು ಜ್ಯಾಮಿಗೆ ಹೆಸರು ಕೊಟ್ಟನು. ವಿಷಯ: ‘ತೂಕ’. ತೋಟದಲ್ಲಿ ಆಗ ಕೊಯ್ಲು ನಡೆದಿದ್ದಿತು. ಕೊನೆಗೌಡ ಮರದ ತುದಿಯಲ್ಲಿ ಅಡಿಕೆಯ ಕೊನೆಯನ್ನು ಕೊಯ್ದು ಹಗ್ಗದ ಮೇಲೆ ಜಾರಿಬಿಡುತ್ತಾನೆ. ಕೆಳಗಿರುವವನು ಹಗ್ಗವನ್ನು ಹದವಾಗಿ ಹಿಡಿದು ಅದನ್ನು ಬರಮಾಡಿಕೊಳ್ಳುತ್ತಾನೆ. ಬಿಗಿ ಹೆಚ್ಚಿದರೆ ಒಂದು ಕಷ್ಟ, ಸಡಿಲವಾದರೆ ಇನ್ನೊಂದು. ಇದನ್ನೇ ಅವನು ಆಟವಾಗಿಸಿದನು. ಒಂದೇ ಗುಂಡಿ: ಒತ್ತಿದರೆ ಹಗ್ಗ ಬಿಗಿ, ಬಿಟ್ಟರೆ ಸಡಿಲ. ಎರಡು ರಾತ್ರಿ ನಿದ್ದೆಗೆಟ್ಟು ಮುಗಿಸಿ, ಮೂರನೆಯ ಬೆಳಗ್ಗೆ ಗುಡ್ಡ ಹತ್ತಿ ಅದನ್ನು ಕಳುಹಿಸಿದನು. ಪ್ರಪಂಚದ ನಾನಾ ಮೂಲೆಗಳ ನೂರಾ ಹದಿನೇಳು ಮಂದಿ ಆಡಿದರು. ಹೊಗಳಿದವರು ಕೆಲವರು. ಬ್ರೆಜಿಲ್ ದೇಶದ ಅಪರಿಚಿತನೊಬ್ಬನು ಮಾತ್ರ ಹೀಗೆ ಬರೆದನು: ‘ಚೆನ್ನಾಗಿದೆ. ಆದರೆ ಸೋತಾಗ ಏಕೆ ಸೋತೆನೆಂದು ತಿಳಿಯುವುದಿಲ್ಲ.’

ಈ ಒಂದು ಸಾಲು ಹುಡುಗನ ನಿದ್ದೆ ಕೆಡಿಸಿತು. ಮರುದಿನ ತೋಟಕ್ಕೆ ಹೋಗಿ ಕೊನೆಗೌಡನನ್ನು ಕೇಳಿದನು: “ಕೊನೆ ಜಾರಿ ಕೈತಪ್ಪುತ್ತದೆಂದು ನಿನಗೆ ಮೊದಲೇ ಹೇಗೆ ಗೊತ್ತಾಗುತ್ತದೆ?”

ಕೊನೆಗೌಡ ಎಲೆಯಡಿಕೆಯ ಬಾಯಲ್ಲಿಯೇ ನಕ್ಕನು. “ಹಗ್ಗ ಹೇಳುತ್ತದಲ್ಲ ಸಣ್ಣ ಹೆಗಡೇರೆ! ಮೊದಲು ಕೈಗೆ ನಡುಕ ಬರುತ್ತದೆ, ಆಮೇಲೆ ಕೊನೆ ಬರುತ್ತದೆ.”

ಹುಡುಗನು ಮನೆಗೆ ಬಂದು ಆಟದ ಹಗ್ಗಕ್ಕೂ ನಡುಕ ಕೊಟ್ಟನು. ಕೊನೆ ತಪ್ಪುವುದಕ್ಕೆ ಅರೆಕ್ಷಣ ಮೊದಲು ಹಗ್ಗ ಕಂಪಿಸಿ ಕಿರುಗುಟ್ಟುವಂತೆ ಮಾಡಿದನು. ಈಗ ಸೋತವನಿಗೆ ತಾನು ಮುನ್ಸೂಚನೆಯನ್ನು ಗಮನಿಸಲಿಲ್ಲವೆಂದು ತಿಳಿಯುತ್ತಿದ್ದಿತು. ಮತ್ತೊಮ್ಮೆ ಆಡುವ ಮನಸ್ಸಾಗುತ್ತಿದ್ದಿತು. ಆಟಗಳ ಶಾಸ್ತ್ರದಲ್ಲಿ ಇದು ಮೊದಲ ಪಾಠ. ಅದನ್ನು ಅವನಿಗೆ ಕಲಿಸಿದವರು ಬ್ರೆಜಿಲಿನ ಒಬ್ಬ ಅಪರಿಚಿತ ಮತ್ತು ತೋಟದ ಕೊನೆಗೌಡ. ಯಾವ ತೋಟದಿಂದಾಗಿ ತಾನು ಹಿಂದುಳಿದೆನೆಂದು ಅವನು ಕೊರಗುತ್ತಿದ್ದನೋ ಆ ತೋಟದಲ್ಲಿಯೇ ಆ ಪಾಠ ಇದ್ದಿತು.

ಆ ಬಳಿಕ ಅವನು ಬರೆದ ಅರ್ಜಿಗಳು ಹನ್ನೊಂದೇ. ಎಲ್ಲವೂ ಐದು ಹತ್ತು ಜನರ ಚಿಕ್ಕ ಸಂಸ್ಥೆಗಳಿಗೆ. ಪ್ರತಿಯೊಂದನ್ನೂ ಆ ಸಂಸ್ಥೆಯ ಆಟವನ್ನು ಆಡಿದ ಮೇಲೆಯೇ ಬರೆದನು. ನಾಲ್ಕು ಸಾಲು, ಆಟದ ಕೊಂಡಿ, ಒಂದು ನಿಮಿಷದ ಚಲಚ್ಚಿತ್ರ, ಬರೆದ ಸಂಕೇತಗಳನ್ನು ತೆರೆದಿಟ್ಟ ಜಾಗ. ಜೊತೆಗೆ, ಆಟದಲ್ಲಿ ಮೊದಲು ಏನು ಸರಿಯಿರಲಿಲ್ಲ, ಅದನ್ನು ಹೇಗೆ ತಿದ್ದಿದೆನೆಂಬ ವಿವರ. ಮೂವರು ಉತ್ತರ ಬರೆದರು. ಪುಣೆಯ ಒಂದು ಸಂಸ್ಥೆಯವರು ಮಾತನಾಡಲು ಕರೆದರು. ಗುಡ್ಡದ ಮೇಲೆ ಹಲಸಿನ ಮರದ ಬುಡದಲ್ಲಿ ಲ್ಯಾಪ್‌ಟಾಪನ್ನು ಬಂಡೆಯ ಮೇಲಿಟ್ಟು ಅವನು ಸಂದರ್ಶನಕ್ಕೆ ಕುಳಿತನು. ಅಂಕಗಳ ಬಗೆಗೆ ಅವರು ಕೇಳಲೇ ಇಲ್ಲ. ಅರ್ಧ ಗಂಟೆ ಹಗ್ಗದ ನಡುಕದ ಬಗೆಗೆ ಕೇಳಿದರು.

೨೦೨೫ರ ಮಾರ್ಚಿಯಿಂದ ಮೂರು ತಿಂಗಳು. ತಿಂಗಳಿಗೆ ೧೨,೦೦೦ ರೂಪಾಯಿ. ಮನೆಯಿಂದಲೇ ಕೆಲಸ, ನಡುವೆ ಒಂದು ವಾರ ಪುಣೆಯಲ್ಲಿ. ಹಣ ಕೊಡುವವರು ಅವರು, ಪಡೆಯುವವನು ಇವನು ಎಂಬುದನ್ನು ತಂದೆ ಎರಡು ಸಲ ಕೇಳಿ ದೃಢಪಡಿಸಿಕೊಂಡರು. ಅದೇ ತಿಂಗಳು ಮನೆಗೆ ತಂತಿಯ ಇಂಟರ್‌ನೆಟ್ಟೂ ಬಂದಿತು. ಅಡಿಕೆ ಮಾರಿದ ಹಣದಲ್ಲಿ ಅದನ್ನು ಹಾಕಿಸಿದವರು ತಂದೆಯೇ.

ಕೆಲಸವಾದರೋ ಕೋಡಂಗಿಯದೇ. ಮೊದಲ ತಿಂಗಳೆಲ್ಲ ಅಗ್ಗದ ಫೋನುಗಳಲ್ಲಿ ಆಟವನ್ನು ಆಡಿ, ಎಲ್ಲಿ ನಿಲ್ಲುತ್ತದೆ, ಎಲ್ಲಿ ತೊದಲುತ್ತದೆಯೆಂದು ಪಟ್ಟಿ ಮಾಡುವುದು. ಆಮೇಲೆ ಬೇರೆ ಬೇರೆ ಅಳತೆಯ ಪರದೆಗಳಿಗೆ ಗುಂಡಿಗಳನ್ನು ಸರಿಹೊಂದಿಸುವುದು. ಆದರೆ ಪ್ರತಿದಿನ ಸಂಜೆ ಹಿರಿಯರೊಬ್ಬರು ಅವನು ಬರೆದುದನ್ನು ಸಾಲುಸಾಲಾಗಿ ಓದಿ, ಕೆಂಪು ಮಸಿಯ ಉಪಾಧ್ಯಾಯರಂತೆ ಟಿಪ್ಪಣಿ ಹಾಕಿ ಹಿಂದಿರುಗಿಸುತ್ತಿದ್ದರು. ಅವನು ನಿಜವಾಗಿ ಪಡೆದ ಸಂಬಳ ಇದು. ಇಂಟರ್ನ್‌ಶಿಪ್ಪಿನ ತಿರುಳೇ ತಿದ್ದುವ ಕೈ. ಆ ಕೈ ಇಲ್ಲದಿದ್ದರೆ ರಾಜಧಾನಿಯ ಗಾಜಿನ ಕಟ್ಟಡದಲ್ಲಿ ಕುಳಿತರೂ ಅದು ಹಳೆಯ ಉಮೇದುವಾರಿಕೆಯೇ. ಕಂಪೆನಿಗಳ ಹೊರಗೂ ಇಂಥ ಕೈಗಳು ಸಿಗುವುದುಂಟು. ಗೂಗಲ್ ಸಂಸ್ಥೆ ೨೦೦೫ರಲ್ಲಿ ಆರಂಭಿಸಿದ ‘ಸಮ್ಮರ್ ಆಫ್ ಕೋಡ್’ ಯೋಜನೆಯಲ್ಲಿ ಹೊಸಬರು ತಮ್ಮ ಊರಿನಲ್ಲಿಯೇ ಇದ್ದು, ಮಾರ್ಗದರ್ಶಕರ ಕೆಳಗೆ, ಗೌರವಧನ ಪಡೆದು ಕೆಲಸ ಮಾಡಿದ್ದಾರೆ. ಗೋಡೋ ಮತ್ತು ಬ್ಲೆಂಡರ್ ಸಂಸ್ಥೆಗಳೂ ಅದರಲ್ಲಿ ಪಾಲ್ಗೊಂಡಿವೆ.

ಹಾಗೆಂದು ದೂರವು ಸಂಪೂರ್ಣವಾಗಿ ಅಳಿಯಿತೆಂದರೆ ಸುಳ್ಳಾದೀತು. ಪುಣೆಯಲ್ಲಿ ಕಳೆದ ಒಂದು ವಾರದಲ್ಲಿ, ಪಕ್ಕದವರ ಭುಜದ ಮೇಲಿನಿಂದ ಇಣುಕಿ ನೋಡಿ ಅವನು ಕಲಿತುದು ಮನೆಯಲ್ಲಿ ಒಂದು ತಿಂಗಳು ಕಲಿತುದಕ್ಕಿಂತ ಹೆಚ್ಚು. ಚಹಾದ ಹೊತ್ತಿನಲ್ಲಿ ಹಿರಿಯರು ಆಡುವ ಮಾತು, ಒಬ್ಬರ ಸೋಲನ್ನು ಇನ್ನೊಬ್ಬರು ನಗೆಯಾಡಿ ಹಗುರಗೊಳಿಸುವ ರೀತಿ, ಇವು ಯಾವ ತಂತಿಯಲ್ಲಿಯೂ ಹರಿದು ಬರುವುದಿಲ್ಲ. ಕೆಲಸವನ್ನು ದೂರಕ್ಕೆ ಕಳುಹಿಸಬಹುದು, ಒಡನಾಟವನ್ನು ಕಳುಹಿಸಲಾಗದು. ಆದುದರಿಂದ ದೂರದ ಹುಡುಗರು ವರ್ಷಕ್ಕೆ ಒಮ್ಮೆಯೋ ಎರಡು ಸಲವೋ ತಯಾರಕರ ಕೂಟಗಳಿಗೆ ಹೋಗಿಬರುವ ಬಸ್ಸಿನ ಖರ್ಚನ್ನು ಮನೆಯವರು ದಂಡವೆಂದು ಎಣಿಸಬಾರದು.

ಯಾವ ಆಟ ಎಂಬುದನ್ನೂ ಮನೆಯವರು ಕೇಳಬೇಕು. ಹಣ ಕಟ್ಟಿಸಿ ಆಡಿಸುವ ಸಂಸ್ಥೆಗಳು ಒಂದು ಕಾಲಕ್ಕೆ ಕೈತುಂಬ ಸಂಬಳ ಕೊಡುತ್ತಿದ್ದವು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಹಣದ ಆಟಗಳನ್ನು ನಿಷೇಧಿಸುವ ಶಾಸನವನ್ನು ಅಂಗೀಕರಿಸಿತು. ಕೆಲವೇ ದಿನಗಳಲ್ಲಿ ಅಂಥ ಆಟಗಳು ನಿಂತವು, ಬಹಳ ಮಂದಿ ಕೆಲಸ ಕಳೆದುಕೊಂಡರು. ಕಲಿತ ವಿದ್ಯೆ ಒಂದೇ ಆದರೂ, ನೆಟ್ಟ ಜಾಗ ಗಟ್ಟಿಯಾಗಿರಬೇಕು. ಇದನ್ನು ಅಡಿಕೆ ಬೆಳೆಯುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೂರು ತಿಂಗಳು ಮುಗಿದಾಗ ಪುಣೆಯ ಸಂಸ್ಥೆಯಲ್ಲಿ ಖಾಯಂ ಕೆಲಸ ಕೊಡುವಷ್ಟು ಹಣವಿರಲಿಲ್ಲ. ಅವರು ಅದನ್ನು ಮುಚ್ಚಿಡದೆ ಹೇಳಿದರು; ಟಿಪ್ಪಣಿ ಹಾಕುತ್ತಿದ್ದ ಹಿರಿಯರು ಒಂದು ಶಿಫಾರಸು ಪತ್ರವನ್ನು ಬರೆದುಕೊಟ್ಟರು. ಆ ಪತ್ರದ ಬಲದಿಂದ ಹುಡುಗನಿಗೆ ಈಗ ಎರಡು ಸಂಸ್ಥೆಗಳ ಬಿಡಿ ಕೆಲಸ ಸಿಗುತ್ತಿದೆ. ಒಂದು ತಿಂಗಳು ಹೆಚ್ಚು, ಒಂದು ತಿಂಗಳು ಕಡಿಮೆ. ಮಳೆಯನ್ನು ನಂಬಿದ ಬೇಸಾಯದಂತೆ. ಬೆಂಗಳೂರಿನಿಂದ ಒಳ್ಳೆಯ ಕರೆ ಬಂದರೆ ಅವನು ಹೋಗಲೂಬಹುದು. ಹೋಗಬೇಡವೆಂದು ತಾಯಿ ಹೇಳಿಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಅವನ ಕೋಣೆಯ ದೀಪ ಉರಿಯುತ್ತಿದ್ದರೆ, ಒಂದು ಲೋಟ ಹಾಲನ್ನು ಬಾಗಿಲ ಬಳಿ ಇಟ್ಟು, ಏನೂ ಮಾತನಾಡದೆ ಹಿಂದಿರುಗುತ್ತಾರೆ.

ಕಳೆದ ತಿಂಗಳು ತಂದೆ ಅಡಿಕೆ ವಹಿವಾಟಿಗೆಂದು ಶಿರಸಿಗೆ ಹೋಗಿದ್ದರು. ಹಳೆಯ ಪರಿಚಯದವರೊಬ್ಬರು ಸಿಕ್ಕಿ, ವಾಡಿಕೆಯಂತೆ, “ಮಗ ಎಲ್ಲಿದ್ದಾನೆ?” ಎಂದು ಕೇಳಿದರು.

“ಮನೆಯಲ್ಲಿದ್ದಾನೆ” ಎಂದರು ತಂದೆ. ಪರಿಚಿತರು ಮಾತು ಬದಲಿಸುವುದಕ್ಕೆ ಮೊದಲೇ, “ಕೆಲಸದಲ್ಲಿದ್ದಾನೆ” ಎಂದೂ ಸೇರಿಸಿದರು. ಎರಡು ಮಾತುಗಳನ್ನೂ ಒಟ್ಟಿಗೆ ಆಡಬಹುದೆಂಬುದು ಅವರಿಗೇ ಹೊಸದಾಗಿದ್ದಿತು. ಮುಂದಿನ ವರ್ಷವೂ ಹೀಗೆಯೇ ಹೇಳಬಹುದೋ ಇಲ್ಲವೋ, ಅವರಿಗೆ ತಿಳಿಯದು.